ಮಾಡಿನ ಮೇಲೆ ಹೋದ ಕೀಲಿಕೈ

೨೦೦೬ರ ಜನವರಿ ೭, ಶನಿವಾರ. ಬೆಳಿಗ್ಗೆ ಶಾಲೆಯ ಅಂಗಳದ ಅಳತೆಗೋಲಿನಲ್ಲಿ ಹಿಮ ಎರಡು ಮೀಟರ್ ಹದಿನಾಲ್ಕು ಸೆಂಟಿಮೀಟರ್ ಇತ್ತು. ಶಾಲೆ ಮುಚ್ಚಿ ಬಹಳ ಕಾಲವಾಗಿತ್ತು. ಅಲ್ಲಿ ಗಣಿತ ಕಲಿಸಿದವನು ನಾನಾದ್ದರಿಂದ ಕೋಲನ್ನು ನೋಡಿ ಬರುವ ಅಭ್ಯಾಸ ಮಾತ್ರ ಉಳಿದಿತ್ತು.

ನಮ್ಮ ನುಮಾಸವಾ ಕಣಿವೆಯಲ್ಲಿ ಹಿಂದೆ ಮುಯ್ಯಾಳಿನ ಪದ್ಧತಿಯಿತ್ತು. ನನ್ನ ಮನೆಯ ಮಾಡಿನ ಹಿಮ ಇಳಿಸಲು ನೀನು ಒಂದು ದಿನ ಬಂದರೆ ನಿನ್ನ ಮಾಡಿಗೆ ನಾನು ಒಂದು ದಿನ ಬರಬೇಕು. ಮುಯ್ಯಿ ತೀರಿಸುವ ತೋಳುಗಳು ಮುದಿಯಾದ ಮೇಲೆ ಸೂರು ಬಳಗ ಹುಟ್ಟಿತು. ಕೈಲಾಗದವರ ಮಾಡನ್ನು ಕೂಲಿಯಿಲ್ಲದೆ ಹಗುರಗೊಳಿಸುವ ಈ ಸಂಸ್ಥೆಗೆ ನಾನೇ ಮುಖ್ಯಸ್ಥ. ಡಿಸೆಂಬರಿನಲ್ಲಿ ನಮ್ಮವನೊಬ್ಬ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಇನ್ನೊಬ್ಬ ಬಿದ್ದರೆ ಬಳಗ ಉಳಿಯುವುದಿಲ್ಲ. ಬಳಗ ಹೋದರೆ ಎಂಬತ್ತು ದಾಟಿದವರು ತಾವೇ ಏಣಿ ಹತ್ತುತ್ತಾರೆ.

ಆದ್ದರಿಂದ ಸೆಂಡೈ ನಗರದಿಂದ ಶಿಹೋ ಎಂಬ ಹೆಣ್ಣುಮಗಳನ್ನು ಕರೆಸಿದ್ದೆವು. ಎತ್ತರದ ಕಟ್ಟಡಗಳ ಹೊರಮೈಯಲ್ಲಿ ಹಗ್ಗದಿಂದ ಜೋತು ಗಾಜು ಒರೆಸುವುದು ಅವಳ ವೃತ್ತಿ. ತನ್ನ ರಜೆಯ ದಿನವನ್ನು ನಮಗೆ ಕೊಟ್ಟು, ಹೆಗಲಿಗೆ ಹಗ್ಗದ ಚೀಲ ಹಾಕಿಕೊಂಡು ಬಸ್ಸಿನಲ್ಲಿ ಬಂದಿದ್ದಳು.

ಆ ದಿನದ ಮನೆ ಕಿಯೊ ಅಜ್ಜಿಯದು. ಹಿಂದಿನ ಸಂಜೆಯಿಂದ ಒಳಕೋಣೆಯ ಜಾರುಬಾಗಿಲು ಸರಿಯುತ್ತಿರಲಿಲ್ಲ. ತೊಲೆ ಬಾಗಿ ಬಾಗಿಲನ್ನು ಒತ್ತಿ ಹಿಡಿದಿತ್ತು. ಹಿಮದ ಆಳವನ್ನು ಮಾಡಿನ ವಿಸ್ತೀರ್ಣದಿಂದಲೂ ಹಿಮದ ಸಾಂದ್ರತೆಯಿಂದಲೂ ಗುಣಿಸಿ ನೋಡಿದೆ: ಮೂವತ್ತು ಟನ್. ಬೀಳುತ್ತಿದ್ದ ಹಿಮ ಗಂಟೆಗೆ ಇನ್ನೂ ನಾನೂರು ಕಿಲೋ. ಗಂಟೆಗೊಂದು ಎತ್ತು ಹೋಗಿ ಮಾಡಿನ ಮೇಲೆ ಮಲಗಿದಂತೆ.

"ಅಜ್ಜಿ, ಸಂಜೆವರೆಗೆ ನಮ್ಮನೇಲಿರಿ," ಎಂದೆ.

"ನಮ್ಮ ಯಜಮಾನ್ರ ಪೂಜಾಪೀಠ ಆ ಬಾಗಿಲ ಹಿಂದೆ ಇದೆ. ಸತ್ತವರನ್ನ ಕೂಡಿಹಾಕಿ ನಾನು ನಿಮ್ಮನೇಲಿ ಚಹಾ ಕುಡೀತಾ ಕೂರ್ಲಾ ಮೇಷ್ಟ್ರೆ? ಚೆನ್ನಾಗಿದೆ!"

ಆಕೆ ಕದಲಲಿಲ್ಲ. ಹೊರಗೆ ಶಿಹೋ ಕೂಡ ಅವಸರಪಡಲಿಲ್ಲ. ಮುಂಭಾಗದ ಇಳಿಜಾರಿನಲ್ಲಿ ಕೆಲಸ ಮಾಡುವವರ ಹಗ್ಗವನ್ನು ಮಾಡಿನ ನೆತ್ತಿ ದಾಟಿಸಿ, ಹಿಂಬದಿಯಲ್ಲಿ ಭದ್ರವಾದ ಯಾವುದಕ್ಕಾದರೂ ಬಿಗಿಯಬೇಕು. ಹಿಂದಿದ್ದ ಕಾಕಿ ಹಣ್ಣಿನ ಮರವನ್ನು ಗುದ್ದಿ ನೋಡಿದಳು, ಒಳಗೆ ಟೊಳ್ಳೆಂದು ಬಿಟ್ಟಳು. ಉಳಿದದ್ದು ಹಿಂದಿನ ರಸ್ತೆಯಂಚಿನಲ್ಲಿ ನಿಂತಿದ್ದ ಪಕ್ಕದ ಮನೆಯ ಗೆನ್ಸುಕೆಯ ಚಿಕ್ಕ ಟ್ರಕ್ಕು. ಗಾಲಿಗಳಿಗೆ ಮರದ ತುಂಡು ಕೊಟ್ಟು ಹಗ್ಗ ಬಿಗಿದ ಮೇಲೆ ಅವಳು ಗೆನ್ಸುಕೆಯ ಮುಂದೆ ಕೈಚಾಚಿದಳು.

"ಯಜಮಾನ್ರೆ, ಕೀ ಕೊಡಿ."

"ಗಾಡೀಲೇ ಇದೆ. ಈ ಊರಲ್ಲಿ ಎಲ್ಲರ ಕೀನೂ ಗಾಡೀಲೇ ಇರೋದು. ಹಿಮ ಗೋರೋ ಯಂತ್ರ ಬಂದಾಗ ಯಾರಾದ್ರೂ ಪಕ್ಕಕ್ಕೆ ಇಡ್ಲಿ ಅಂತ."

"ಅದಕ್ಕೇ ಕೇಳ್ತಿರೋದು."

"ಯಂತ್ರ ಬೆಳಗಿನ ಜಾವವೇ ಬಂದು ಹೋಯ್ತು ಕಣಮ್ಮ, ಇನ್ನು ನಾಳೆಗೇ. ನುಮಾಸವಾದಲ್ಲಿ ಬರೀ ಕಳ್ಳರೇ ಇರೋದು ಅಂತ ಸೆಂಡೈಲಿ ಸುದ್ದಿಯಾಗಿದೆಯಾ?"

"ಕಳ್ಳರ ಭಯ ಇಲ್ಲ ಯಜಮಾನ್ರೆ. ಉಪಕಾರ ಮಾಡೋರದ್ದೇ ಭಯ."

ಗೆನ್ಸುಕೆಯ ಮುಖ ಬಿಗಿಯಿತು. ನೆರೆಯವನ ಕೀಲಿಕೈ ಕಸಿದುಕೊಳ್ಳುವುದು ನಮ್ಮಲ್ಲಿ ಅವನ ಬಾಗಿಲಿಗೆ ಬೀಗ ಜಡಿದಷ್ಟೇ ಅವಮಾನ. ನನಗೂ ಸಿಟ್ಟು ಬಂತು.

"ಶಿಹೋ ಅವರೇ, ಹೊತ್ತು ಹೋಗ್ತಿದೆ. ಒಳಗೆ ತೊಲೆ ಬಾಗ್ತಿದೆ."

"ಮನೆ ಎಷ್ಟು ಹೊತ್ತು ತಾಳುತ್ತೆ ಮೇಷ್ಟ್ರೆ?"

"ಕತ್ತಲಾಗೋವರೆಗೆ. ಆಮೇಲೆ ಹೇಳಲಾರೆ."

"ನಿಮ್ಮ ಲೆಕ್ಕಕ್ಕೆ ನಾನು ಎದುರು ಮಾತಾಡಲ್ಲ. ಹಗ್ಗದ ಲೆಕ್ಕ ನನಗೆ ಬಿಡಿ. ಹಗ್ಗದಲ್ಲಿ ಯಾರು ಇರ್ತಾರೋ ಕೀ ಅವರ ಹತ್ರ."

ಗೆನ್ಸುಕೆ ಕೀಲಿಕೈ ಕಿತ್ತು ಅವಳ ಅಂಗೈಗೆ ಎಸೆದು, ತನ್ನ ಮನೆಯೊಳಕ್ಕೆ ಹೋದ. ಅವಳು ಅದನ್ನು ಎದೆಯ ಜೇಬಿಗಿಟ್ಟು, ಗುಂಡಿ ಹಾಕಿ, ಏಣಿ ಹತ್ತಿದಳು. ಹಿಂದೆಯೇ ನಮ್ಮ ಬಳಗದ ತೊರಾಜಿ. ಅವನಿಗೆ ಎಪ್ಪತ್ತೊಂದು, ಸೊಂಟಪಟ್ಟಿ ಕಟ್ಟಿಸಿಕೊಂಡು ಗೊಣಗುತ್ತಿದ್ದ: "ಮದುವೇಲೂ ನನ್ನ ಇಷ್ಟು ಬಿಗಿಯಾಗಿ ಯಾರೂ ಕಟ್ಟಿರಲಿಲ್ಲ."

ಬಳಗದ ನಿಯಮದಂತೆ ನಾನು ಮುಂಭಾಗದಲ್ಲಿ ಏಣಿಯ ಬುಡದಲ್ಲಿ ನಿಂತೆ. ಮೇಲಿನಿಂದ ಹಿಮದ ಹೆಂಟೆಗಳು ಧೊಪ್ಪೆಂದು ಬೀಳುತ್ತಿದ್ದವು. ಒಳಗೆ ಕಿಯೊ ಅಜ್ಜಿ ಆಗಾಗ ಬಾಗಿಲನ್ನು ಜಗ್ಗುವ ಸದ್ದು. ಒಂದು ಸಲವೂ ಬಾಗಿಲು ಸೋಲಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಹಿಮ ಇನ್ನೂ ದಟ್ಟವಾಯಿತು. ಮೊದಲು ಮಾಡಿನ ನೆತ್ತಿ ಮರೆಯಾಯಿತು, ಆಮೇಲೆ ಮೇಲಿದ್ದ ಇಬ್ಬರೂ. ಸಲಿಕೆಗಳ ಸದ್ದಿನಿಂದಲೇ ಅವರಿದ್ದಾರೆಂದು ತಿಳಿಯಬೇಕಾಗಿತ್ತು.

ಆಗ ಮನೆಯ ಹಿಂದಿನ ರಸ್ತೆಯಲ್ಲಿ ಯಂತ್ರದ ಗುಡುಗು ಕೇಳಿಸಿತು. ಹಿಮ ಹೆಚ್ಚಾದ ದಿನ ಅದು ಎರಡನೆಯ ಸುತ್ತು ಬರುತ್ತದೆ. ವರ್ಷಕ್ಕೆ ಒಂದೋ ಎರಡೋ ಬಾರಿ ಅಷ್ಟೆ, ಯಾರಿಗೂ ನೆನಪಾಗಿರಲಿಲ್ಲ.

"ತೊರಾಜೀ! ಕೂತ್ಕೊಳ್ಳಿ! ಇಬ್ರೂ ಕೂತ್ಕೊಳ್ಳಿ!" ಎಂದು ಕೂಗಿದೆ. ಸಲಿಕೆಗಳು ನಿಲ್ಲಲಿಲ್ಲ.

ಮನೆ ಸುತ್ತಿ ಓಡಿದೆ. ಓಡಿದೆ ಎನ್ನುವುದು ಮಾತಿಗೆ. ಸೊಂಟದವರೆಗಿನ ಹಿಮದಲ್ಲಿ ಒಂದು ಕಾಲು ಕೀಳುವಷ್ಟರಲ್ಲಿ ಇನ್ನೊಂದು ಹೂತುಹೋಗುತ್ತಿತ್ತು. ಟ್ರಕ್ಕಿನ ಬಾಗಿಲು ತೆರೆದು ಧಡಾರನೆ ಮುಚ್ಚಿದ ಸದ್ದು ಕೇಳಿಸಿತು. ಟ್ರಕ್ಕು ಹತ್ತು ಅಡಿ ಮುಂದೆ ಹೋದರೆ ಹಗ್ಗ ಹತ್ತು ಅಡಿ ಎಳೆಯುತ್ತದೆ. ಎಳೆದ ಹಗ್ಗ ತೊರಾಜಿಯನ್ನು ಮಾಡಿನ ನೆತ್ತಿ ದಾಟಿಸಿ ಒಗೆದು ಹಿಂಬದಿಗೆ ಬೀಳಿಸುತ್ತದೆ. ಅದಕ್ಕಿಂತ ಮುಂದಿನ ಲೆಕ್ಕ ನನ್ನಿಂದಾಗಲಿಲ್ಲ. ಕೀಲಿಕೈ ಎಲ್ಲಿದೆ ಎಂಬುದೂ ಆ ಕ್ಷಣ ತಲೆಯಲ್ಲಿರಲಿಲ್ಲ.

ಯಂತ್ರದ ಮುಂದೆ ನಡೆದು ದಾರಿ ತೋರುವ ಸೋಹೇಯಿ ಟ್ರಕ್ಕಿನೊಳಗೆ ಕೂತು ಅಲ್ಲಲ್ಲಿ ತಡಕುತ್ತಿದ್ದ. ನನ್ನನ್ನು ಕಂಡು ಗಾಜು ಇಳಿಸಿದ.

"ಯಾವ ಪುಣ್ಯಾತ್ಮ ಕೀ ಕಿತ್ಕೊಂಡು ಹೋಗಿದಾನೆ ಮೇಷ್ಟ್ರೆ? ಇಷ್ಟು ವರ್ಷದಲ್ಲಿ ಈ ರಸ್ತೇಲಿ ಒಂದು ಗಾಡಿಗೂ ಹೀಗಾಗಿರಲಿಲ್ಲ. ಗೆನ್ಸುಕೆಗೇನು ತಲೆ ಕೆಟ್ಟಿದೆಯಾ?"

ಟ್ರಕ್ಕಿನ ಹಿಂದೆ ಬಿದ್ದಿದ್ದ ಹಿಮವನ್ನು ಕೈಯಿಂದ ಒರೆಸಿ ಹಗ್ಗ ತೋರಿಸಿದೆ. ಅದು ಮೇಲೆದ್ದು ಬಿಳುಪಿನಲ್ಲಿ ಕಾಣೆಯಾಗುತ್ತಿತ್ತು.

"ಮೇಲೆ ಜನ ಇದಾರಾ?"

"ಇಬ್ಬರು. ಒಬ್ಬ ತೊರಾಜಿ."

ಸೋಹೇಯಿ ಎರಡೂ ಕೈಗಳನ್ನು ಸ್ಟೇರಿಂಗಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ತೊರಾಜಿ ಅವನ ಸೋದರಮಾವ. ಆಮೇಲೆ ಮೆಲ್ಲಗೆ ಇಳಿದು, ಯಂತ್ರದವನಿಗೆ ಕೈಬೀಸಿದ: "ಹಿಂದಕ್ಕೆ ತಗೊಳ್ಳೋ! ಮೊದಲು ಕೆಳಗಿನ ಬೀದಿ ಮುಗಿಸೋಣ!"

ಕತ್ತಲಿಗೆ ಮುಂಚೆ ಮಾಡು ಹಗುರವಾಯಿತು. ಕಿಯೊ ಅಜ್ಜಿ ಬಾಗಿಲಿಗೆ ಬೆರಳು ಹಚ್ಚಿದಳು. ಅದು ಎರಡು ಸಲ ತೊದಲಿ, ಸರಿಯಿತು. ಒಳಗೆ ಹೋಗಿ ಗಂಡನ ಮುಂದೆ ಊದುಬತ್ತಿ ಹಚ್ಚಿ, "ತಡವಾಯ್ತು," ಎಂದಳು.

ಶಿಹೋ ಕೀಲಿಕೈ ಮರಳಿಸಿದಾಗ ಗೆನ್ಸುಕೆ ಅದನ್ನು ಟ್ರಕ್ಕಿಗೆ ಸಿಕ್ಕಿಸಲು ಹೋಗಿ ನಿಂತ.

"ಹಗ್ಗ ಬಿಚ್ಚಿದೀಯೇನಮ್ಮ?"

"ಬಿಚ್ಚಿದೀನಿ ಯಜಮಾನ್ರೆ."

"ಪೂರ್ತಿ?"

"ಪೂರ್ತಿ."

ಅಂದಿನಿಂದ ಬಳಗದ ನಿಯಮ ಅದೇ: ಹಗ್ಗ ಗಾಡಿಗೆ ಬಿಗಿದರೆ ಕೀಲಿಕೈ ಮಾಡಿನ ಮೇಲೆ ಹೋಗಬೇಕು. ಆಮೇಲೆ ನಮ್ಮವರು ಯಾರೂ ಬಿದ್ದಿಲ್ಲ.

ಬಸ್ ನಿಲ್ದಾಣದಲ್ಲಿ ನಾನು ಅವಳಿಗೆ ನಮ್ಮ ಪದ್ಧತಿ ಹೇಳಿದೆ. "ನಿಮಗೆ ನಮ್ಮಿಂದ ಒಂದು ಆಳು ಬಾಕಿ. ನಿಮ್ಮ ಮಾಡಿಗೆ ಯಾವಾಗ ಬರಲಿ?"

"ನನ್ನದು ಐದನೇ ಮಹಡಿ ಮೇಷ್ಟ್ರೆ. ನನ್ನ ಮಾಡು ಅಂದ್ರೆ ಮೇಲಿನ ಮನೆಯವರ ನೆಲ."

"ಹಾಗಾದ್ರೆ ಬೇರೆ ಕೆಲಸ ಹೇಳಿ."

"ಯೋಚಿಸಿ ಹೇಳ್ತೀನಿ," ಎಂದು ಬಸ್ಸು ಹತ್ತಿದಳು.

ಪ್ರತಿ ಜನವರಿಯಲ್ಲೂ ಬರುತ್ತಾಳೆ, ಬಂದಾಗಲೆಲ್ಲ ಕೇಳುತ್ತೇನೆ. ಇನ್ನೂ ಯೋಚಿಸುತ್ತಿದ್ದಾಳೆ. ಮುಯ್ಯಿ ಬೆಳೆಯುತ್ತಲೇ ಇದೆ.