ಹಿಂದಿನ ಸೀಟು

“ಬೇಕೋ, ಬೇಡವೋ?” ಎಂದು ಬೃಂದಾ ಕೇಳಿದಾಗ ಸುಗತನ ಬಾಯಲ್ಲಿ ಇಡ್ಲಿಯಿತ್ತು.

ಇದ್ದದ್ದು ಪುಣ್ಯ. ಆ ಒಂದು ತುತ್ತನ್ನು ಅವನು ಹಿಟ್ಟಿನ ಗಿರಣಿಯೂ ನಾಚುವಷ್ಟು ಹೊತ್ತು ಅಗಿದ. ಬೃಂದಾ ಕಾದಳು. ಗಂಡ ಅಗಿಯುವುದನ್ನು ಕಾಯುತ್ತ ಅವಳಿಗೆ ಅರ್ಧ ಆಯಸ್ಸು ಕಳೆದಿತ್ತು. ಇನ್ನೊಂದು ಇಡ್ಲಿಯ ಹೊತ್ತು ಕಾಯುವುದೇನೂ ಕಷ್ಟವಿರಲಿಲ್ಲ.

ವಿಷಯ ಇಷ್ಟೇ. ಮುಂದಿನ ತಿಂಗಳು ಇಬ್ಬರೂ ಒಂದು ದ್ವೀಪಕ್ಕೆ ರಜೆಗೆ ಹೊರಟಿದ್ದರು. ವಿಮಾನವಾಗಿತ್ತು, ರೂಮಾಗಿತ್ತು, ಸುಗತನಿಗೆ ಹೂಹೂವಿನ ಅಂಗಿಯೂ ಬಂದು ಬೀರುವಿನಲ್ಲಿ ಅಪರಾಧಿಯಂತೆ ನೇತಾಡುತ್ತಿತ್ತು. ಉಳಿದದ್ದು ಗಾಡಿ. ಅಲ್ಲಿ ಡ್ರೈವರ್ ಕೊಡುವುದಿಲ್ಲ, ನಾವೇ ಓಡಿಸಬೇಕು. ಸಾದಾ ಕಾರು ಟಾರು ಮುಗಿದಲ್ಲಿ ನಿಲ್ಲುತ್ತದೆ. ಅದರಾಚೆಗೆ ಸಮುದ್ರದ ಪಕ್ಕದಲ್ಲೇ ಮರಳಿನ ದಾರಿ, ದಾರಿಯ ತುದಿಯಲ್ಲಿ ಒಂದು ಹಳೆಯ ದೀಪಸ್ತಂಭ. ಅಲ್ಲಿಗೆ ಹೋಗಬೇಕೆಂದರೆ ಫೋರ್ ವೀಲ್ ಡ್ರೈವ್ ಜೀಪೇ ಆಗಬೇಕು. ಯಾವುದು ಬೇಕೆಂದು ಬಾಡಿಗೆಯವನಿಗೆ ಇವತ್ತು ಸಂಜೆಯೊಳಗೆ ತಿಳಿಸಬೇಕು. ಬೃಂದಾಗೆ ದೀಪಸ್ತಂಭ ನೋಡಬೇಕಾಗಿತ್ತು. ಆದರೆ ಅವಳಿಗೆ ಬರುತ್ತಿದ್ದದ್ದು ಸ್ಕೂಟರ್ ಒಂದೇ, ಕಾರಿನ ಲೈಸೆನ್ಸ್ ಇದ್ದದ್ದು ಸುಗತನಿಗೆ.

ಇಡ್ಲಿ ಇಳಿಯಿತು. “ನೋಡೋಣ,” ಎಂದ ಸುಗತ.

ಬೃಂದಾ ಕಾಫಿಯ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. “ಆ ಮಾತು ಇವತ್ತು ಬೇಡ ರೀ. ಬೇಕು ಅನ್ನಿ, ಓಡಿಸಿ. ಬೇಡ ಅನ್ನಿ, ರೂಮಲ್ಲೇ ಕೂತು ಸಮುದ್ರ ನೋಡೋಣ, ನಂಗೇನೂ ಬೇಜಾರಿಲ್ಲ. ಸಾಯಂಕಾಲಾನೂ ನೋಡೋಣ ಅಂದ್ರೆ ನಿಮ್ಮ ಟಿಕೆಟ್ ಕ್ಯಾನ್ಸಲ್ ಮಾಡಿ ನಾನೊಬ್ಬಳೇ ಹೋಗ್ತೀನಿ.”

“ಒಬ್ಬಳೇ ಹೋಗಿ?”

“ವಾಪಸ್ ಬರೋದನ್ನ ಆಮೇಲೆ ನೋಡೋಣ,” ಎಂದಳು. ಹೆಲ್ಮೆಟ್ ಹಾಕಿಕೊಂಡಳು. ಸ್ಕೂಟರಿನ ಸದ್ದು ಜೀವನ್ ಬಿಮಾ ನಗರದ ತಿರುವಿನಲ್ಲಿ ಸಣ್ಣದಾಗಿ, ಇಲ್ಲವಾಯಿತು.

ಸುಗತ ಸಮಾಜಶಾಸ್ತ್ರದ ಅಧ್ಯಾಪಕ. ಓದಿದ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿದರೆ ಅವುಗಳ ಮೇಲೆ ಹತ್ತಿ ಚಂದ್ರನಿಗೆ ಬಿಂದಿಗೆಯಲ್ಲಿ ನೀರು ಕೊಡಬಹುದಿತ್ತು. ಆದರೆ ಹತ್ತುವುದೋ ಬೇಡವೋ ಎಂದು ಕೇಳಿದರೆ ನೋಡೋಣ ಎನ್ನುತ್ತಿದ್ದ. ಮನೆ ಕೊಳ್ಳೋಣವೇ ಎಂದಾಗ ನೋಡೋಣ ಎಂದಿದ್ದ. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಲೂ ನೋಡೋಣ. ಮಗುವಿನ ಮಾತಿಗೂ ನೋಡೋಣ ಎಂದ. ನೋಡುತ್ತ ನೋಡುತ್ತ, ಇನ್ನು ನೋಡುವುದಕ್ಕೇನಿಲ್ಲ ಎಂದು ಡಾಕ್ಟರೇ ಹೇಳಿದರು. ಅವತ್ತು ಬೃಂದಾ ಅಳಲಿಲ್ಲ. ಆಸ್ಪತ್ರೆಯಿಂದ ಟ್ಯಾಕ್ಸಿಯಲ್ಲಿ ಬರುವಾಗ ದಾರಿಯುದ್ದಕ್ಕೂ ಡ್ರೈವರನ ಹಿಂದಲೆಯನ್ನು ನೋಡಿದಳು, ಅಷ್ಟೆ.

ಬೃಂದಾ ಹೋದ ಮೇಲೆ ಸುಗತ ಟ್ಯಾಕ್ಸಿ ಕರೆಸಿ ಹಿಂದಿನ ಸೀಟಿನ ಎಡಗಡೆಗೆ ಕುಳಿತ. ಅದು ಅವನ ಜಾಗ. ಆ ಜಾಗಕ್ಕೊಂದು ಕಥೆಯಿತ್ತು, ಕಥೆಗೆ ಚಪ್ಪಾಳೆಯೂ ಇತ್ತು.

ಅವನ ಅಪ್ಪ ಅಂಜನಮೂರ್ತಿ, ಹಳೆಯ ಏರ್‌ಪೋರ್ಟಿನ ಕಡೆಯ ಕಾರ್ಖಾನೆಯೊಂದರಲ್ಲಿ ಸಾಹೇಬರ ಕಾರಿನ ಡ್ರೈವರ್. ಒಂದು ಭಾನುವಾರ ತೊಳೆಯಲೆಂದು ಮನೆಯ ಹತ್ತಿರ ತಂದಿದ್ದ ಬಿಳಿ ಅಂಬಾಸಿಡರಿನ ಸ್ಟೀರಿಂಗಿಗೆ ಪುಟ್ಟ ಸುಗತ ಕೈ ಹಾಕಲು ಹೋದ. ಅಪ್ಪ ತಡೆದು, “ಸ್ಟೀರಿಂಗ್ ಮುಟ್ಬೇಡ, ಹಿಂದೆ ಕೂತ್ಕೋ” ಎಂದ. ಅಷ್ಟೇ ನಡೆದದ್ದು. ದೊಡ್ಡವನಾದ ಮೇಲೆ ಒಂದು ಸಭೆಯಲ್ಲಿ ಸುಗತ ಇದನ್ನು ಹೇಳಿದ. “ಮುಟ್ಟಬೇಡ ಎಂಬ ಮಾತನ್ನು ಊರೆಲ್ಲ ನಮಗೆ ಅವಮಾನಕ್ಕೆ ಹೇಳಿತು. ನನ್ನಪ್ಪ ಒಬ್ಬನೇ ಅದನ್ನು ಗೌರವಕ್ಕೆ ಹೇಳಿದ. ನೀನು ಓಡಿಸುವವನಾಗಬೇಡ, ಹಿಂದೆ ಕೂರುವವನಾಗು ಎಂದ.” ಸಭಾಂಗಣದ ಹೆಂಚು ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಮೂರನೆಯ ಸಾಲಿನಲ್ಲಿ ಕಣ್ಣೊರೆಸಿಕೊಂಡ ಹುಡುಗಿ ಬೃಂದಾ.

ಮದುವೆ ಆ ಮಾತಿನ ಮೇಲೆ ನಿಂತಿತ್ತು. ಲೈಸೆನ್ಸೇನೋ ಇತ್ತು, ಗುರುತಿನ ಚೀಟಿಯಾಗಿ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮೇಷ್ಟ್ರ ಕಾಲ ಕೆಳಗೂ ಬ್ರೇಕ್ ಇದ್ದುದರಿಂದ ಅವನು ಒಂದು ಸಲವೂ ತಾನಾಗಿ ಗಾಡಿ ನಿಲ್ಲಿಸಿರಲಿಲ್ಲ.

ಈಗ ಅವನಿಗೊಂದು ದಾರಿ ಹೊಳೆದಿತ್ತು. ‘ಬೇಡ’ ಎನ್ನುವುದು. ಅಪ್ಪನ ಮಾತು ಮೀರಲಾರೆ ಎನ್ನುವುದು. ಅದು ನೋಡೋಣ ಅಲ್ಲ, ಹೆದರಿಕೆಯೂ ಅಲ್ಲ, ಒಂದು ನಿಲುವು. ಬೃಂದಾ ಒಪ್ಪುತ್ತಾಳೆ. ಆದರೂ ಆ ಮಾತನ್ನು ಅಮ್ಮನ ಬಾಯಿಂದ ಇನ್ನೊಮ್ಮೆ ಕೇಳಿ ಹೋದರೆ ಬಲ ಬರುತ್ತದೆ ಎನಿಸಿತು. ಟ್ಯಾಕ್ಸಿ ಹಲಸೂರಿಗೆ ತಿರುಗಿತು.

ಅಮ್ಮ ಚಿಕ್ಕಮುನಿಯಮ್ಮ ತನ್ನ ಮಗಳು ಮಂಜುಳಮ್ಮನ ಮನೆಯ ಜಗಲಿಯಲ್ಲಿ, ಊರಿಗೇ ಸಾರು ಮಾಡುವಷ್ಟು ಅವರೆಕಾಯಿ ಗುಡ್ಡೆ ಹಾಕಿಕೊಂಡು ಸುಲಿಯುತ್ತಿದ್ದಳು. ಮಗನನ್ನು ನೋಡಿ, ಬಡವಾಗಿದ್ದಾನೆ, ಕನ್ನಡಕವೇ ಅವನಿಗಿಂತ ದಪ್ಪಗಿದೆ ಎಂದಳು. ದ್ವೀಪದ ಸುದ್ದಿ ಕೇಳಿದ್ದೇ ಕೈ ನಿಲ್ಲಿಸಿದಳು. ಅವಳ ಲೆಕ್ಕದಲ್ಲಿ ನೀರಿನ ಮಧ್ಯೆ ಇರುವುದೆಲ್ಲ ಲಂಕೆ.

“ಲಂಕೆಗೆ ಜೀಪ್ಯಾಕಪ್ಪಾ? ಆಂಜನೇಯ ಹೋಗ್ಲಿಲ್ವಾ ಹಾರ್ಕೊಂಡು? ಬಾಡ್ಗೆ ಗಾಡಿ ಕೇಳಿದ್ನಾ?”

“ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಇರೋ ಗಾಡಿ ಅಮ್ಮ.”

“ಮತ್ತೆ ಮಿಕ್ಕಿದ್ ಗಾಡೀಗೆ ಎಷ್ಟೈತೆ ಚಕ್ರ? ಮೂರಾ?”

ಒಳಗಿನಿಂದ ಮಂಜುಳಮ್ಮ ನಕ್ಕಳು. ಸುಗತನೂ ನಗಬೇಕಾದಷ್ಟು ನಕ್ಕ. ಗೋಡೆಯ ಮೇಲೆ ಬುದ್ಧ ಕಣ್ಣು ಮುಚ್ಚಿದ್ದ. ಪಕ್ಕದಲ್ಲಿ ಅಪ್ಪ ಕಣ್ಣು ಬಿಟ್ಟಿದ್ದ. ಮಗನಿಗೆ ಬುದ್ಧನದೇ ಹೆಸರಿಟ್ಟವನು ಅಪ್ಪ. ಸುಗತ ಎಂದರೆ ಚೆನ್ನಾಗಿ ಹೋದವನು ಎಂದು ವಿಹಾರದ ಭಂತೇಜಿ ಹೇಳಿದ್ದರಂತೆ.

ಅವನು ಗಂಟಲು ಸರಿ ಮಾಡಿಕೊಂಡ. “ಅಪ್ಪ ನಂಗೆ ಸ್ಟೀರಿಂಗ್ ಮುಟ್ಬೇಡ ಅಂದಿದ್ರಲ್ಲ. ನಾನು ಡ್ರೈವರ್ ಆಗೋದು ಅವ್ರಿಗೆ ಇಷ್ಟ ಇರ್ಲಿಲ್ಲ, ಅಲ್ವಾ?”

ಚಿಕ್ಕಮುನಿಯಮ್ಮ ನೆನಪಿಗಾಗಿ ಒಂದು ಅವರೆಕಾಯಿಯನ್ನು ಹಾಗೇ ಹಿಡಿದುಕೊಂಡಳು. ಆಮೇಲೆ ಅವಳ ಹೊಟ್ಟೆ ಕುಲುಕತೊಡಗಿತು.

“ಅಯ್ಯೋ ನಿನ್ ಮನೆ ಕಾಯ್ವಾಗ. ನಿನ್ ಕೈಲಿ ಬೆಣ್ಣೆ ಬಿಸ್ಕತ್ತಿತ್ತು ಕಣೋ. ಮೊಣಕೈವರ್ಗೂ ಜಿಡ್ಡು. ಅವ್ನು ಸ್ಟೀರಿಂಗ್ ಒರ್ಸಿ ಕನ್ನಡಿ ಮಾಡಿದ್ದ, ಅದ್ಕೆ ಮುಟ್ಬೇಡ ಅಂದ. ಹಿಂದಿನ್ ಸೀಟಿನ್ ಟವಲ್ ಹೆಂಗೂ ಅವತ್ತು ಒಗ್ಯಕ್ಕೆ ಹಾಕೋದಿತ್ತು, ಅಲ್ಲಿ ಕೂರಿಸ್ದ. ಒಗ್ದಿದ್ದು ನಾನೇ. ಬೆಣ್ಣೆ ಹೋಗ್ಬೇಕಾದ್ರೆ ನನ್ ಪ್ರಾಣ ಹೋಯ್ತು.”

ಜಗಲಿಯ ಮುಂದೆ ಒಂದು ಆಟೋ ಹಿಂದಕ್ಕೆ ಬಂದು, ಮುಂದಕ್ಕೆ ಹೋಗಿ, ಮತ್ತೆ ಹಿಂದಕ್ಕೆ ಬಂತು.

“ಕಲಿಸ್ಬೇಕು ಅಂತ ಅವ್ನಿಗೆ ಎಷ್ಟ್ ಆಸೆ,” ಎಂದಳು ಅವಳು, ಮತ್ತೆ ಸುಲಿಯುತ್ತ. “ನೀನು ಕಾಲೇಜಿಗೆ ಹೋಗೋವಾಗ ಭಾನ್ವಾರ ಭಾನ್ವಾರ ಸ್ನೇಹಿತನ್ ಗಾಡಿ ಇಸ್ಕೊಂಡು ಬಂದು ಬಾಗ್ಲಲ್ಲಿ ನಿಲ್ಲಿಸ್ಕೊಂಡು, ಬಾರೋ ಮಗಾ, ಮೈದಾನಕ್ಕೆ ಹೋಗಣ ಅಂತ ಕರೀತಿದ್ದ. ನೀನು ಪುಸ್ತಕದಿಂದ ತಲೆ ಎತ್ತದೆ ನೋಡೋಣ ಅಪ್ಪಾ ಅಂತಿದ್ದೆ. ಅವನೊಬ್ನೇ ಒಂದು ಸುತ್ತು ಹಾಕ್ಕೊಂಡು ವಾಪಸ್ ಕೊಟ್ ಬರ್ತಿದ್ದ.”

ಅಮ್ಮ ಅದನ್ನು ದೂರಿನಂತೆ ಹೇಳಲಿಲ್ಲ. ಅವರೆಕಾಯಿಯಲ್ಲಿ ಹುಳು ಸಿಕ್ಕಿದಷ್ಟೇ ಸಹಜವಾಗಿ ಹೇಳಿ, ಸಿಪ್ಪೆಯನ್ನು ಪಕ್ಕಕ್ಕೆ ಹಾಕಿದಳು. ಊಟ ಮಾಡಿಕೊಂಡು ಹೋಗು ಎಂದಳು. ಅದಕ್ಕೂ ಅವನ ಬಾಯಿಗೆ ಬಂದದ್ದು ಅದೇ ಮಾತು. ನುಂಗಿಕೊಂಡು ಎದ್ದ.

ರಸ್ತೆಯಲ್ಲಿ ನಿಂತಾಗ ಅವನಿಗೆ ಹೋಗಲು ಎಲ್ಲಿಯೂ ಜಾಗವಿರಲಿಲ್ಲ. ‘ಬೇಡ’ ಎಂಬುದಕ್ಕಿದ್ದ ಒಂದೇ ಒಂದು ಊರುಗೋಲನ್ನು ಅಮ್ಮ ಸೌದೆಗೆ ಹಾಕಿದ್ದಳು. ಇಷ್ಟು ವರ್ಷ ಹಿಂದೆ ಕೂತವನು ಯಾರು? ಜಿಡ್ಡುಗೈಯ ಒಬ್ಬ ಹುಡುಗ, ಟವಲಿನ ಮೇಲೆ. ಹಾಗಾದರೆ ‘ಬೇಕು’ ಎನ್ನಬೇಕು. ಎನ್ನಬೇಕಾದರೆ ಓಡಿಸಲು ಬರಬೇಕು. ಉಮೈರನ ನೆನಪಾಯಿತು.

ಉಮೈರ್ ಅವನ ಕಾಲೇಜು ಸ್ನೇಹಿತ. ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಹಳೆಯ ಜೀಪುಗಳನ್ನು ಸಿಂಗರಿಸಿ ಮದುವೆಗೂ ಶೂಟಿಂಗಿಗೂ ಬಾಡಿಗೆಗೆ ಬಿಡುತ್ತಿದ್ದ. ಅವನು ಹೇಳುವುದರಲ್ಲಿ ಅರ್ಧ ಸುಳ್ಳು, ಮಿಕ್ಕರ್ಧ ಅವನಿಗೇ ಗೊತ್ತಿಲ್ಲದ್ದು. ಮಟನ್ ಅಂಗಡಿಗಳ ಸಾಲು ದಾಟಿ ಸುಗತ ಒಳಗೆ ಹೋದಾಗ ಅವನು ತಬ್ಬಿಕೊಂಡು, ಪ್ರೊಫೆಸರ್ ಸಾಬ್ ಬಂದರೆಂದು ಚಹಾ ತರಿಸಿದ. ಜೊತೆಗೆ ಬಿಸ್ಕತ್ತು ಬಂತು. ಬೆಣ್ಣೆಯದೇ.

ಶೆಡ್ಡಿನ ನಡುವೆ ಒಂದು ಹಸಿರು ಜೀಪನ್ನು ನಾಲ್ಕೂ ಮೂಲೆಗೆ ಮರದ ದಿಮ್ಮಿ ಕೊಟ್ಟು ಎತ್ತಿ ನಿಲ್ಲಿಸಿದ್ದರು. ಚಕ್ರಗಳು ನೆಲದಿಂದ ಒಂದು ಗೇಣು ಮೇಲಿದ್ದವು.

“ಸಾದಾ ಗಾಡೀಲಿ ಎರಡು ಚಕ್ರ ದುಡೀತವೆ ಮಗಾ,” ಎಂದ ಉಮೈರ್. “ಇನ್ನೆರಡು ಸುಮ್ನೆ ಜೊತೇಲಿ ಬರ್ತವೆ. ಇದ್ರಲ್ಲಿ ಹಂಗಿಲ್ಲ. ನಾಲ್ಕೂ ದುಡೀಬೇಕು.”

ಸುಮ್ಮನೆ ಜೊತೆಯಲ್ಲಿ ಬರುವ ಚಕ್ರ. ಸುಗತ ಎರಡೂ ಕೈಯಲ್ಲಿ ಬಿಸ್ಕತ್ತು ಮುರಿದು ತಿಂದು, ಚಹಾ ಕುಡಿದ.

“ನಂಗೆ ಓಡ್ಸೋಕೆ ಬರಲ್ಲ ಕಣೋ,” ಎಂದ. ಇಷ್ಟು ವರ್ಷದಲ್ಲಿ ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಭೂಮಿ ಬಾಯಿ ಬಿಡಲಿಲ್ಲ.

“ಅರೆ, ಇಷ್ಟೇನಾ? ಹತ್ತು. ಇದು ಎಲ್ಲೂ ಹೋಗಲ್ಲ, ಭಯ ಇಲ್ಲ. ಇದ್ರಲ್ಲೇ ಕಲಿ.”

ಸುಗತ ಅಭ್ಯಾಸದಂತೆ ಚೀಲವನ್ನು ಹಿಂದಿನ ಸೀಟಿಗೆ ಎಸೆದು, ತಾನೂ ಹಿಂದಕ್ಕೆ ಹತ್ತಲು ಹೋದ. ಉಮೈರ್ ನಕ್ಕು ಅವನ ಭುಜ ಹಿಡಿದು ಮುಂದಕ್ಕೆ ತಂದು ಕೂರಿಸಿದ. ಬಗ್ಗಿ ಕೀ ತಿರುಗಿಸಿದ. ಎಂಜಿನ್ ಮುದುಕನಂತೆ ಕೆಮ್ಮಿ ಎದ್ದಿತು. ಕ್ಲಚ್ ಒತ್ತಿಸಿ, ತಾನೇ ಗೇರ್ ಹಾಕಿ, ನಾಲ್ಕೂ ಚಕ್ರಕ್ಕೆ ಬಲ ಕೊಡುವ ಪಕ್ಕದ ಚಿಕ್ಕ ಕಡ್ಡಿಯನ್ನೂ ಎಳೆದ. ಈಗ ಕಾಲು ನಿಧಾನ ಬಿಡು ಎಂದ. ಸುಗತ ಬಿಟ್ಟ. ಕೆಳಗೆ ಏನೋ ನಡುಗಿ, ಆಮೇಲೆ ಸಲೀಸಾಯಿತು.

“ಬಂತಲ್ಲ! ಹಿಂಗೇ ಇರು, ಸ್ಟೀರಿಂಗ್ ಹಿಡ್ಕೋ,” ಎಂದ ಉಮೈರ್. ಅಷ್ಟರಲ್ಲಿ ಗೇಟಿನ ಹತ್ತಿರ ಮದುವೆ ಮನೆಯವರು ಯಾರೋ ಕೂಗಿದರು. ಅವನು ಓಡಿದ.

ಸುಗತ ಒಬ್ಬನೇ ಉಳಿದ. ಮುಂದೆ ಗಾಜು, ಗಾಜಿನಾಚೆಗೆ ಕಪ್ಪು ಗೋಡೆ. ಗೋಡೆ ಹತ್ತಿರ ಬರಲಿಲ್ಲ, ದೂರವೂ ಆಗಲಿಲ್ಲ. ಒಂದು ಕ್ಷಣ ಅವನಿಗೆ ಬಲಗಡೆ ಸಮುದ್ರವಿದ್ದಂತೆ, ಮರಳು ಸರಿಯುತ್ತಿದ್ದಂತೆ, ಪಕ್ಕದ ಸೀಟಿನಲ್ಲಿ ಯಾರೋ ಸುಮ್ಮನೆ ನಗುತ್ತಿದ್ದಂತೆ ಅನಿಸಿತು. ನಿಜವಾಗಿಯೂ ಅನಿಸಿತು.

ಶೆಡ್ಡಿನ ತಗಡಿನ ಸಂದಿಯಲ್ಲಿ ಬಿಸಿಲು ಕೆಂಪಾಗಿತ್ತು. ಹಿಂದಿನ ಸೀಟಿನಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಆ ಸದ್ದು ಬೃಂದಾಳದೇ; ಅವಳಿಗೊಂದು ಬೇರೆ ಸದ್ದು ಇಟ್ಟಿದ್ದ. ಬೇಕು ಎನ್ನುತ್ತೇನೆ, ಎಂದುಕೊಂಡ. ತಿರುಗಿ ಕೈ ಚಾಚಿದ. ಚೀಲ ಎಟುಕಲಿಲ್ಲ. ಇಳಿಯೋಣವೆಂದರೆ ಗಾಡಿ ಓಡುತ್ತಿತ್ತು. ನಿಲ್ಲಿಸುವುದು ಹೇಗೆಂದು ಉಮೈರ್ ಹೇಳಿರಲಿಲ್ಲ.

ಸ್ಟೀರಿಂಗನ್ನಾದರೂ ಹಿಡಿಯೋಣವೆಂದು ಕೈ ತಂದ. ಅಂಗೈ ತುಂಬ ಬೆಣ್ಣೆ. ಉಮೈರ್ ಸ್ಟೀರಿಂಗನ್ನು ಒರೆಸಿ ಒರೆಸಿ ಕನ್ನಡಿ ಮಾಡಿದ್ದ. ಸುಗತ ಒರೆಸಿಕೊಳ್ಳಲು ಏನಾದರೂ ಸಿಕ್ಕೀತೇ ಎಂದು ಅತ್ತಿತ್ತ ನೋಡಿದ.

ಫೋನ್ ನಿಂತಿತು. ಮತ್ತೆ ಶುರುವಾಯಿತು. ಸುಗತ ಜಿಡ್ಡಾದ ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿಕೊಂಡು ಕೂತಿದ್ದ. ಅವನ ಕೆಳಗೆ ಮುಂದಿನ ಎರಡು, ಹಿಂದಿನ ಎರಡು, ನಾಲ್ಕೂ ಚಕ್ರಗಳು ನೆಲ ಮುಟ್ಟದೆ ತಿರುಗುತ್ತಿದ್ದವು.