ಪಡಸಾಲಿಯ ಫ್ಯೂಜು

ಶಟ್ಟೆವ್ವ ತಮ್ಮ ಲಗಮಣ್ಣನ ಖಾಕಿ ಅಂಗಿಯನ್ನು ಮುದ್ದೆ ಮಾಡಿ ಹಿತ್ತಲಿಗೆ ಎಸೆಯಲು ಕೈ ಎತ್ತಿದ್ದಳು, ಕಿಸೆಯಿಂದ ಏನೋ ಜಾರಿ ಬಚ್ಚಲ ಕಲ್ಲಿನ ಮೇಲೆ ಟಣ್ಣೆಂದು ಬಿತ್ತು. ಬಗ್ಗಿ ನೋಡಿದರೆ ಬಿಳಿ ಪಿಂಗಾಣಿಯ ಫ್ಯೂಜು.

ಹೊರಗೆ ಅಂಗಳದಲ್ಲಿ ಲಗಮಣ್ಣನಿಗೆ ಮೈತೊಳೆದು ಹೊಸ ಧೋತರ ಹೊದಿಸಿ ಮಲಗಿಸಿದ್ದರು. ರಾಮದುರ್ಗದ ಎಷ್ಟೋ ಮನೆಗಳಿಗೆ ಕರೆಂಟಿನ ತಂತಿ ಎಳೆದವನು, ನಿನ್ನೆ ಶಂಕ್ರೆಪ್ಪ ಸಾವಕಾರರ ವಾಡೆಯಲ್ಲಿ ಪಡಸಾಲಿಯ ಬಲ್ಬಿನ ಹೋಲ್ಡರು ಬದಲಿಸಲು ಏಣಿ ಹತ್ತಿ, ಕರೆಂಟು ಹೊಡೆದು ಸತ್ತಿದ್ದ. ಹೆಂಡತಿ ಸಾವಂತ್ರೆವ್ವ ಅವನ ಕಾಲ ಬಳಿ ಕುಳಿತಿದ್ದಳು. ಅತ್ತು ಅತ್ತು ಅವಳ ದನಿ ಬಿದ್ದಿತ್ತು.

"ಕರೆಂಟ ಹೋಗಿತ್ತಂತವಾ," ನೆರೆಮನೆಯ ಕೆಂಚವ್ವ ಪಕ್ಕದವರಿಗೆ ಪಿಸುಗುಟ್ಟುತ್ತಿದ್ದಳು. "ಹೋಗೇತೆಲ್ಲ, ಮತ್ಯಾಕ ಅಂತ ಫ್ಯೂಜ ತಗೀಲಾರದ ಏಣಿ ಏರ್ಯಾನಂತ. ಮ್ಯಾಲಿದ್ದಾಗ ಕರೆಂಟ ಬಂತು."

"ಯಾರಂದ್ರು?" ಶಟ್ಟೆವ್ವ ಬಾಗಿಲಲ್ಲಿ ನಿಂತು ಕೇಳಿದಳು.

"ಸಾವಕಾರ್ರ ಅಂದ್ರವಾ. ಆಳಸಿತನಾ ಮಾಡಿ ಜೀವಾ ಕಳಕೊಂಡ ಅಂದ್ರು."

ಶಟ್ಟೆವ್ವನ ಅಳು ನಿಂತೇ ಹೋಯಿತು. ಸತ್ತವನು ತಿರುಗಿ ಮಾತಾಡುವುದಿಲ್ಲ ಎಂಬ ಧೈರ್ಯದ ಮೇಲೆ ಆಡಿದ ಮಾತಿದು! ಲಗಮಣ್ಣನೇನು ದೇವರಲ್ಲ. ಬಾಯಿಬಡುಕ; ತನ್ನ ಕೆಲಸವನ್ನು ತಾನೇ ಹೊಗಳಿಕೊಳ್ಳುವವ; ಬರುತ್ತೇನೆಂದ ದಿನ ಎಂದೂ ಹೋಗದವ. ಆದರೆ ಫ್ಯೂಜು ತೆಗೆದು ಕಿಸೆಗೆ ಹಾಕಿಕೊಳ್ಳದೆ ಏಣಿ ಮುಟ್ಟಿದವನಲ್ಲ. ಬೋರ್ಡಿನ ಹತ್ತಿರ ಇಟ್ಟರೆ ಮನೆಯವರು ಯಾರಾದರೂ ತಿರುಗಿ ಸಿಕ್ಕಿಸಿಬಿಟ್ಟಾರೆಂಬ ಭಯ ಅವನಿಗೆ. ಆ ಭಾರಕ್ಕೆ ಹರಿದ ಕಿಸೆಗಳನ್ನು ಬೈದುಕೊಳ್ಳುತ್ತ ಹೊಲಿದವಳು ಇವಳೇ.

ಅಷ್ಟರಲ್ಲಿ ಶಂಕ್ರೆಪ್ಪ ಸಾವಕಾರರೇ ಹೂವಿನ ಹಾರ ಹಿಡಿದು ಬಂದರು. ಜನ ಎದ್ದು ದಾರಿ ಬಿಟ್ಟರು. ಶಟ್ಟೆವ್ವ ಮಾತ್ರ ಬಿಡಲಿಲ್ಲ.

"ಇದೇನ್ರಿ ಸಾವಕಾರ್ರ?"

ಅವರು ಅವಳ ಅಂಗೈ ನೋಡಿದರು. "ಯಾವದೋ ಹಳೇದ ಇರಬೇಕವಾ. ಫ್ಯೂಜ ತಗದಿದ್ರ ಅಂವ ಸಾಯತಿದ್ನೇನು? ಇವತ್ತ ಇದನ್ನೆಲ್ಲ ಎತ್ತಬಾರದು."

"ಇವತ್ತ ಅಲ್ದ ಯಾವತ್ತ ಎತ್ತಲಿ? ಮಣ್ಣ ಮುಚ್ಚಿದ ಮ್ಯಾಲ ಯಾರ ಕೇಳತಾರ?"

ಚಟ್ಟದ ಹಗ್ಗ ಬಿಗಿಯುತ್ತಿದ್ದ ಇಮಾಮಸಾಬ ತಲೆ ಎತ್ತಿದ. ಪಂಪು ರಿಪೇರಿ ಮಾಡುವವ, ಲಗಮಣ್ಣನ ಬಹುಕಾಲದ ಗೆಳೆಯ. "ಶಟ್ಟೆಕ್ಕಾ, ಇದು ನಿನ್ನಿ ತಗದದ್ದಾದ್ರ ವಾಡೇದ ಬೋರ್ಡಿನ್ಯಾಗ ಒಂದ ಜಾಗಾ ಖಾಲಿ ಇರಬೇಕಲ್ಲ?" ಎಂದ.

ಸಾವಕಾರರು ಹಾರ ಹಾಕಿ, ಬಿಸಿಲಿನ ನೆಪ ಹೇಳಿ ಬೇಗನೆ ಎದ್ದುಹೋದರು.

* * *

ಆ ಬೋರ್ಡಿಗೆ ಹೆಸರಿಟ್ಟವಳು ಶಟ್ಟೆವ್ವ. ವಾಡೆಗೆ ಹೊಸದಾಗಿ ಕರೆಂಟು ಬಂದ ವರ್ಷ ಅದು. ಲಗಮಣ್ಣ ಸಾಲಾಗಿ ಫ್ಯೂಜು ಕೂರಿಸಿ, ಒಂದೊಂದರ ಮೇಲೂ ತಗಡಿನ ಪಟ್ಟಿ ಬಡಿದು, ಅದು ಯಾವ ಕೋಣೆಯ ದೀಪದ್ದೆಂದು ಕೆಂಪು ಬಣ್ಣದಲ್ಲಿ ಬರೆದಿದ್ದ. ಬರೆದು ಸುಮ್ಮನಾಗುವ ಗಿರಾಕಿಯೇ? ಅಕ್ಕನನ್ನು ಮನೆಯಿಂದ ಕರೆಸಿದ.

"ಇವು ನನ್ನ ಕೂಸು. ನೀ ಸೋದರತ್ತಿ. ಹೆಸರ ಇಡು," ಎಂದ.

"ಹುಚ್ಚ ಹಿಡದೈತೇನ ನಿನಗ?"

"ಹೆಸರಿಲ್ಲದ ಫ್ಯೂಜ ಮುಟ್ಟಿದ್ರ ಸಾಯತಾರಬೇ. ಇಡು."

ವಾಡೆಯ ಹೆಂಗಸರು ನಗುತ್ತ ಸುತ್ತ ನಿಂತರು. ಶಟ್ಟೆವ್ವ ನಾಚುತ್ತಲೇ ಬಾಗಿಲ ಚೌಕಟ್ಟಿನ ಕಡೆಯಿಂದ ಶುರು ಮಾಡಿ, ತೊಟ್ಟಿಲ ಕೂಸಿನ ಕಿವಿಯಲ್ಲಿ ಉಸುರುವಂತೆ ಒಂದೊಂದು ಫ್ಯೂಜಿಗೂ ಬಾಯಿ ಹಚ್ಚಿ, "ಪಡಸಾಲಿ, ಕುರ್ರ್... ದೇವರ ಮನಿ, ಕುರ್ರ್... ಅಡಗಿ ಮನಿ, ಕುರ್ರ್..." ಅನ್ನುತ್ತ ಕೊನೆಯ ಹಿತ್ತಲಿನವರೆಗೂ ಹೋದಳು. ಪ್ರತಿ ಹೆಸರಿಗೂ ಹೆಂಗಸರು ಅವಳ ಬೆನ್ನಿಗೆ ಗುದ್ದಿದ್ದೇ ಗುದ್ದಿದ್ದು. ಲಗಮಣ್ಣ ಎಲ್ಲರಿಗೂ ಗುಗ್ಗರಿ ಹಂಚಿದ. ಮನೆಯಲ್ಲಿ ತೊಟ್ಟಿಲು ತೂಗದ ಸಾವಂತ್ರೆವ್ವ ಅಂದು ಹೊಟ್ಟೆ ಹಿಡಿದು ನಕ್ಕಿದ್ದಳು.

* * *

ಹೆಣ ವಾಡೆಯ ಮುಂದೆ ಬಂದಾಗ ಶಟ್ಟೆವ್ವ ಚಟ್ಟಕ್ಕೆ ಅಡ್ಡ ನಿಂತಳು.

"ಇಲ್ಲೇ ಇಳಸ್ರಿ."

"ಇಲ್ಲಿ ಇಳಸೂದಲ್ಲವಾ, ಹೆಣಾ ಇಳಸೂ ಕಟ್ಟಿ ಮುಂದೈತಿ," ಎಂದರು ಹಿರಿಯರು.

"ನನ್ನ ತಮ್ಮ ಸತ್ತದ್ದ ಇಲ್ಲಿ. ಇಳಸ್ರಿ."

ಹಲಗಿಯ ಬಡಿತ ನಿಂತಿತು. ಅವಳು ಇಮಾಮಸಾಬನನ್ನು ಕರೆದುಕೊಂಡು ನೇರ ಪಡಸಾಲಿಗೆ ನುಗ್ಗಿದಳು. ಶಂಕ್ರೆಪ್ಪ ಸಾವಕಾರರು, ಅವರ ತಮ್ಮ ದುರ್ಗಪ್ಪ, ಮನೆಯವರೆಲ್ಲ ಅಲ್ಲೇ ಇದ್ದರು. ಬೋರ್ಡಿನ ಬಲತುದಿಯಲ್ಲಿ ಒಂದು ಜಾಗ ಖಾಲಿ ಇತ್ತು. ಇಮಾಮಸಾಬ ಅದರ ಮೇಲಿನ ಪಟ್ಟಿ ಓದಿದ: "ಪಡಸಾಲಿ."

"ಸುಳ್ಳು!" ಶಟ್ಟೆವ್ವ ಕೂಗಿದಳು. "ಪಡಸಾಲಿ ಎಡಕ್ಕ, ಚೌಕಟ್ಟಿನ ಕಡೆ ಐತಿ. ಬಲಕ್ಕ ಹಿತ್ತಲದ್ದು. ನಾನ ಕುರ್ರ್ ಅಂದೇನಿ. ಯಾರ ಮುಟ್ಯಾರ ಇದನ್ನ?"

ದುರ್ಗಪ್ಪ ನೆಲ ನೋಡಿದ. "ಮನಿ ವಾಟ್ನಿ ಆತಲ್ಲ ಶಟ್ಟೆವ್ವಾ, ಅಣ್ಣಾ ನಾನು ಬ್ಯಾರೆ ಆದ್ವಿ... ಪಡಸಾಲಿ ಅಣ್ಣನ ಪಾಲಿಗೆ ಬಂತು. ಹಿರ್ಯಾನ ಪಾಲ ಬಲಕ್ಕ ಇರಬೇಕಂದ. ಪಟ್ಟಿ ಬಿಚ್ಚಿ ಆ ಕಡೆ ಬಡದ್ವಿ."

"ಪಟ್ಟಿ ಅಷ್ಟ? ತಂತಿ?" ಇಮಾಮಸಾಬ ಕೇಳಿದ.

ಹಿಂದಿನಿಂದ ದುರ್ಗಪ್ಪನ ಹೆಂಡತಿ ಮೆಲ್ಲಗೆ, "ನಿನ್ನಿಯಿಂದ ಹಿತ್ತಲ ದೀಪಾ ಹತ್ತವಲ್ಲದು," ಎಂದಳು. ಭಾವ ಶಂಕ್ರೆಪ್ಪನವರ ನೋಟಕ್ಕೆ ಹೆದರಿ ಸೆರಗು ಬಾಯಿಗೆ ಒತ್ತಿಕೊಂಡಳು.

ಪಾಲು ಹಂಚಿಕೊಳ್ಳುವವರು ಹೊಲ ಹಂಚಿಕೊಳ್ಳಲಿ, ಹಂಡೆ ಹಂಚಿಕೊಳ್ಳಲಿ. ಇವರು ಬರೀ ಹೆಸರನ್ನು ಕಿತ್ತು ಬಲಕ್ಕೆ ಬಡಿದು ದೊಡ್ಡಸ್ತಿಕೆ ಮೆರೆದಿದ್ದರು. ತಾನು ಬರೆದ ಹೆಸರನ್ನು ನಂಬಿದ್ದಕ್ಕೆ ಲಗಮಣ್ಣ ಸತ್ತ. ಅದನ್ನು ಬಚ್ಚಿಡಲು ಅವನನ್ನೇ ಆಳಸಿ ಎಂದಿದ್ದರು. ಶಟ್ಟೆವ್ವ ಫ್ಯೂಜನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಸಾವಕಾರ್ರ, ನಿಮ್ಮ ಪಡಸಾಲಿ ಫ್ಯೂಜ ನನ್ನ ಕೈಯಾಗೈತಿ. ಹೌದಲ್ಲ? ಹಂಗಾದ್ರ ಇಲ್ಲಿ ದೀಪಾ ಹತ್ತಬಾರದು."

ಲಗಮಣ್ಣ ಬಿಚ್ಚಿದ ಹೋಲ್ಡರು ಬಾಗಿಲ ಬಳಿ ಜೋತಾಡುತ್ತಿತ್ತು. ಒಳಗೋಡೆಯ ಇನ್ನೊಂದು ಬಲ್ಬು ಹಾಗೇ ಇತ್ತು. ಯಾರೂ ತಡೆಯುವ ಮೊದಲೇ ಅವಳು ಅದರ ಸ್ವಿಚ್ಚು ಹಾಕಿದಳು.

ದೀಪ ಹತ್ತಿತು.

"ಅನ್ರಿ ಈಗ," ಎಂದಳು. "ಲಗಮಣ್ಣ ಫ್ಯೂಜ ತಗದಿದ್ದ ಅನ್ರಿ."

ಶಂಕ್ರೆಪ್ಪ ಏನೋ ಗೊಣಗಿದರು.

"ನನಗ ಕೇಳಿದ್ರ ಸಾಲದು. ಹೊರಗ ಸಾವಂತ್ರೆವ್ವ ನಿಂತಾಳ, ಊರ ನಿಂತೈತಿ. ಅಲ್ಲಿತನಕಾ ಕೇಳೂಹಂಗ ಅನ್ರಿ. ಇಲ್ಲಾಂದ್ರ ಹೆಣಾ ಏಳೂದಿಲ್ಲ."

ಸಾವಕಾರರು ಬಾಗಿಲಿಗೆ ಬಂದರು. ಅಂಗಳ ತುಂಬ ಜನ. ಕೆಳಗೆ ಚಟ್ಟ. "ಅಂವ ಫ್ಯೂಜ ತಗದಿದ್ದ," ಎಂದರು. "ಪಟ್ಟಿ ನಾವು ಬದಲ ಮಾಡಿದ್ವಿ. ತಪ್ಪ ನಮ್ಮದು."

ಸಾವಂತ್ರೆವ್ವನ ಬಿದ್ದುಹೋದ ದನಿ ಎಲ್ಲಿಂದಲೋ ಎದ್ದು ಬಂತು. ಗಂಡನ ಹೆಸರು ಹಿಡಿದೇ ಅತ್ತಳು. ಶಟ್ಟೆವ್ವ ಅವಳ ಭುಜ ಹಿಡಿದು ಹೊರಟಳು. ಚಟ್ಟ ಎದ್ದಿತು, ಹಲಗಿ ಶುರುವಾಯಿತು.

"ಆ ದೀಪಾ ದೊಡ್ಡದ ಮಾಡ್ರಿ ಯಾರರ," ಎಂದರು ಶಂಕ್ರೆಪ್ಪ ಒಳಗೆ ತಿರುಗಿ.

ಯಾರೂ ಮುಂದೆ ಬರಲಿಲ್ಲ. ದೀಪ ಆರಿಸಲು ತಾವೇ ಹೋಗಿ ಸ್ವಿಚ್ಚಿನತ್ತ ಕೈ ಚಾಚಿದರು. ಅರ್ಧಕ್ಕೇ ಹಿಂದೆಳೆದು ಧೋತರಕ್ಕೆ ಒರೆಸಿಕೊಂಡರು. ಮನೆಯವರೆಲ್ಲ ಬೋರ್ಡಿನಿಂದ ದೂರ ಸರಿದು ಎದುರಿನ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ನಟ್ಟ ನಡುಹಗಲಲ್ಲಿ ಪಡಸಾಲಿಯ ದೀಪ ಉರಿಯುತ್ತಿತ್ತು.