ಹತ್ತರಲ್ಲಿ ನಾಲ್ಕು ಕಳೆದು ಮೂರು ಕೂಡಿದ ಕಥೆ

೧

ಎಲ್ಲಿಂದ ಶುರು ಮಾಡಲಿ ಹೇಳಿ? ಗಣಿತದ ಕಥೆ ಅಂದ ಕೂಡಲೇ ಪುಟ ತಿರುವೋಕೆ ಬೆರಳು ಒದ್ದೆ ಮಾಡ್ಕೊಂಡಿರಿ, ನಾನು ನೋಡಿದೆ. "ಕಿಟಕಿಯಿಂದ ತೂರಿಬಂದ ಎಳೆಬಿಸಿಲು ಕರಿಹಲಗೆಯ ಮೇಲೆ..." ಅಂತ ಒಂದು ಡ್ರಾಫ್ಟ್ ಬರೆದೆ. ಥೂ! ಕರಿಹಲಗೆ ಮೇಲೆ ಬಿಸಿಲು ಬಿದ್ದರೆ ಹಿಂದಿನ ಬೆಂಚಿಗೆ ಒಂದಕ್ಷರ ಕಾಣಲ್ಲ, ಅಲ್ಲಿ ಕೂತವರು ಹೊಡೆದಾಡ್ತಾರೆ. ಹರಿದು ಹಾಕಿದೆ.

೧½

ಎರಡನೇ ಡ್ರಾಫ್ಟ್‌ನಲ್ಲಿ ಒಬ್ಬ ಆದರ್ಶ ಶಿಕ್ಷಕಿ ಇದ್ದಳು. ಕಣ್ಣಲ್ಲಿ ಕನಸು, ಕೈಯಲ್ಲಿ ಸೀಮೆಸುಣ್ಣ. ಅಂಥವರು ಸಿಗೋದು ಬಹುಮಾನ ಬಂದ ಕಥೆಗಳಲ್ಲಿ ಮಾತ್ರ. ಅವಳನ್ನೂ ಮನೆಗೆ ಕಳಿಸಿದೆ. (ಕಂಸದೊಳಗೆ ಇರೋದನ್ನ ಮೊದಲು ಮಾಡಬೇಕು ಅಂತ ಗಣಿತದಲ್ಲಿ ನಿಯಮ. ನೀವು ಇದನ್ನ ಕೊನೆಗೆ ಓದಿದಿರಿ. ಆಗಲೇ ಒಂದು ಮಾರ್ಕು ಹೋಯ್ತು.)

೨

ಸರಿ, ಇರೋದನ್ನ ಹೇಳ್ತೀನಿ. ಇರೋದು ಹಂಗಾಮಿ ಮಿಸ್. ಏಳನೇ ಕ್ಲಾಸಿಗೆ ಗಣಿತ. ಸ್ಟಾಫ್ ರೂಮಿನಲ್ಲಿ ಬಾಗಿಲ ಹಿಂದಿನ ಕುರ್ಚಿ ಅವರದು. ಯಾರು ಒಳಗೆ ಬಂದರೂ ಬಾಗಿಲು ಮೊಣಕೈಗೆ ಬಡಿಯುತ್ತೆ. ನಾಲ್ಕು ವರ್ಷದಿಂದ ಹೀಗೇ ಬಡಿಸಿಕೊಂಡು ಕೂತಿದ್ದಾರೆ. ಈ ಶುಕ್ರವಾರ ಹೆಡ್‌ಮಾಸ್ಟರ್ ಒಂದು ಫಾರಮ್ಮಿಗೆ ಸಹಿ ಹಾಕಿದರೆ ಕೆಲಸ ಪರ್ಮನೆಂಟ್. ಹಾಕದಿದ್ದರೆ ಆ ಕುರ್ಚಿಯೂ ಇಲ್ಲ.

ಪಾಠ ಮಾಡೋಕೆ ಬರಲ್ಲ ಅಂತಲ್ಲ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿ ಅಂದರೆ ಮಕ್ಕಳು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ "ಐದನೇ ಎರಡು!" ಅಂತ ಕೂಗಿದವು. ಮಿಸ್ ಬೈಯಲಿಲ್ಲ. ಕಾಗದದ ಪಟ್ಟಿ ಕೊಟ್ಟು ಹರಿಯೋಕೆ ಹೇಳಿದರು. "ಐದನೇ ಎರಡು ಅರ್ಧಕ್ಕಿಂತ ಚಿಕ್ಕದು ನೋಡ್ರೋ. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ್ರೆ ಚಿಕ್ಕದಾಗುತ್ತಾ?" ಎರಡರ ಘಾತ ಮೂರು ಎಷ್ಟು ಅಂದರೆ ಮಕ್ಕಳು ಆರು ಅಂದಾಗಲೂ ಅಷ್ಟೇ, ಹಳೇ ಪ್ರಶ್ನೆಪತ್ರಿಕೆಯನ್ನ ಮೂರು ಸಲ ಮಡಚಿಸಿ ಪದರ ಎಣಿಸಿದರು. ಎಂಟು. ಮಕ್ಕಳು ಬಾಯಿ ಬಿಟ್ಟವು. ಇಷ್ಟೆಲ್ಲ ಬರೋ ಹೆಂಗಸು ಇನ್ನೊಂದು ಪಾಠದಲ್ಲಿ ಏನು ಮಾಡಿದರು ಅನ್ನೋದೇ ನನ್ನ ಹೊಟ್ಟೆಯುರಿ.

೩

ಹೆಡ್‌ಮಾಸ್ಟರ್. ಗಣಿತದಲ್ಲಿ ಮಹಾಪಂಡಿತರು. (ಅವರೇ ಹೇಳಿದ್ದು.)

ಬಾಡ್ಮಾಸ್ ನೆನಪಿದೆಯಾ? ಮೊದಲು ಕಂಸ, ಆಮೇಲೆ ಭಾಗಿಸೋದು ಗುಣಿಸೋದು, ಕೊನೆಗೆ ಕೂಡೋದು ಕಳೆಯೋದು. ಆ ಇಂಗ್ಲಿಷ್ ಪದದಲ್ಲಿ ಕೂಡೋ 'ಎ' ಕಳೆಯೋ 'ಎಸ್'ಗಿಂತ ಮುಂಚೆ ಬರುತ್ತೆ. ಅಷ್ಟು ಸಾಕಾಯ್ತು ಸಾಹೇಬರಿಗೆ. ಲೆಕ್ಕದಲ್ಲಿ ಯಾವುದು ಎಲ್ಲೇ ಇರಲಿ, ಕೂಡಿಯೇ ಕಳೀಬೇಕು ಅಂತ ತೀರ್ಪು ಕೊಟ್ಟು ಇಪ್ಪತ್ತೆರಡು ವರ್ಷ ಆಯ್ತು. ಅಸಲಿಗೆ ಅವೆರಡೂ ಸಮಸಮ. ಎಡಗಡೆಯಿಂದ ಯಾವುದು ಮೊದಲು ಸಿಗುತ್ತೋ ಅದನ್ನ ಮೊದಲು ಮಾಡೋದು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮೆಟ್ಟಿಲ ಪಕ್ಕದ ಗೋಡೆಗೆ ನೀಲಿ ಬಣ್ಣದಲ್ಲಿ ಬರೆಸಿದ್ದಾರೆ. ಚಪ್ಪಾಳೆ ತಟ್ಟಿ ಹೇಳೋಕೆ ಪದ್ಯ ಬೇರೆ, ಸ್ವಂತ ರಚನೆ: "ಕೂಡು ಕೂಡು, ಮೊದಲು ಕೂಡು! ಆಮೇಲೆ ಬೇಕಾದ್ರೆ ಕಳೆದು ನೋಡು!"

ಮಿಸ್‌ಗೆ ಇದು ತಪ್ಪು ಅಂತ ಗೊತ್ತಿತ್ತಾ? ಚೆನ್ನಾಗಿ ಗೊತ್ತಿತ್ತು. ಬಂದ ಹೊಸದರಲ್ಲಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ "ಸಾರ್, ಆ ನಿಯಮ ಸ್ವಲ್ಪ..." ಅಂದಿದ್ದರು.

"ಏನಮ್ಮಾ, ಎಷ್ಟು ವರ್ಷದಿಂದ ಪಾಠ ಮಾಡ್ತಿದ್ದೀಯ?"

"ಎರಡು ತಿಂಗಳು ಸಾರ್."

"ಆಯ್ತು, ಹೋಗು."

ಅವತ್ತಿನಿಂದ ಮಿಸ್ ತುಟಿಪಿಟಕ್ ಅನ್ನಲಿಲ್ಲ. ನಾಲ್ಕು ವರ್ಷ ಆ ಪದ್ಯವನ್ನ ಚಪ್ಪಾಳೆ ತಟ್ಟಿ ಹೇಳಿಕೊಟ್ಟರು. ಅವರ ಚಪ್ಪಾಳೆಯ ಸದ್ದು ಪಕ್ಕದ ಕ್ಲಾಸಿಗೂ ಕೇಳುತ್ತಿತ್ತು.

೪

ವಾರ್ಷಿಕ ಪರೀಕ್ಷೆ. ಪ್ರಶ್ನೆ ಹನ್ನೊಂದು: ೧೦ − ೪ + ೩. ಸಾಹೇಬರು ಬರೆದುಕೊಟ್ಟ ಉತ್ತರದ ಪಟ್ಟಿಯಲ್ಲಿ ಮೂರು. ನಾಲ್ಕಕ್ಕೆ ಮೂರು ಕೂಡು, ಏಳು. ಹತ್ತರಲ್ಲಿ ಏಳು ಕಳೆ, ಮೂರು. ನಲವತ್ತು ಮಕ್ಕಳಲ್ಲಿ ಮೂವತ್ತೊಂಬತ್ತು ಮೂರು ಅಂತಲೇ ಬರೆದಿದ್ದವು. ಒಬ್ಬಳು ಮಾತ್ರ ಒಂಬತ್ತು.

ಆ ಹುಡುಗಿಯನ್ನ ಕ್ಲಾಸಿನವರು ಯಾಕಮ್ಮ ಅಂತಾರೆ, ಮಾತಿಗೆ ಮುಂಚೆ 'ಯಾಕೆ' ಅನ್ನೋದಕ್ಕೆ. ಪುಟ್ಟ ಮೇಧಾವಿ ಅಂದ್ಕೊಂಡಿರಾ? ಆಸೆ ನೋಡಿ! ಏಳೆಂಟಲ ಎಷ್ಟು ಅಂದರೆ ಸೂರು ನೋಡ್ತಾಳೆ. ನಲವತ್ತಕ್ಕೆ ಹದಿಮೂರು ಬಂದಿದೆ. ಪಾಸಾಗೋಕೆ ಹದಿನಾಲ್ಕು ಬೇಕು. ಆ ಒಂಬತ್ತು ಸರಿ ಅಂದರೆ ಎಂಟನೇ ಕ್ಲಾಸು, ತಪ್ಪು ಅಂದರೆ ಮತ್ತೆ ಏಳು.

ಮಿಸ್ ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತರು. ಬಾಗಿಲು ಎರಡು ಸಲ ಮೊಣಕೈಗೆ ಬಡಿಯಿತು. ಆಮೇಲೆ ತಪ್ಪು ಗುರುತು ಹಾಕಿದರು.

"ಏನ್ರೀ ಮಿಸ್ ಇದು?" ನನಗೆ ತಡೆಯಲಾಗಲಿಲ್ಲ.

"ರೀ ಕಥೆಗಾರರೇ, ಸುಮ್ನೆ ಬರ್ಕೊಳ್ಳಿ. ನಿಮ್ಮ ಹೊಟ್ಟೆಪಾಡಿಗೆ ಯಾರದ್ದೂ ಸಹಿ ಬೇಕಾಗಿಲ್ಲ."

"ಮಗು ಫೇಲ್ ಆಗುತ್ತಲ್ರೀ!"

"ಗೊತ್ತು. ಈಗಷ್ಟೇ 'ಆಸೆ ನೋಡಿ' ಅಂತ ಅವಳನ್ನ ಅಣಕಿಸಿದ್ದು ನೀವೇ. ಈಗ ಕರುಣೆ ಉಕ್ಕಿತಾ?"

"ಹಂಗಾದ್ರೆ ಒಂದು ಕೆಲಸ ಮಾಡ್ತೀನಿ. ಆ ಗುರುತು ಅಳಿಸಿ, ನಿಮ್ಮನ್ನ ಧೈರ್ಯವಂತೆ ಮಾಡಿಬಿಡ್ತೀನಿ. ಎರಡೇ ವಾಕ್ಯ."

"ಬೇಡ. ಆ ಅವಮಾನ ಬೇರೆ ಬೇಡ," ಅಂದರು ಮಿಸ್.

೫

ಶುಕ್ರವಾರ ಕೊನೇ ಪೀರಿಯಡ್. ಪೇಪರ್ ಹಂಚಿದ ಒಂದೇ ನಿಮಿಷಕ್ಕೆ ಯಾಕಮ್ಮ ಎದ್ದಳು.

"ಮಿಸ್, ಹನ್ನೊಂದನೇದು ಯಾಕೆ ತಪ್ಪು?"

"ಮೊದಲು ಕೂಡ್ಬೇಕು ಅಂತ ಹೇಳಿಕೊಟ್ಟಿಲ್ವಾ? ಕೂತ್ಕೋ."

"ಬಸ್ಸಲ್ಲಿ ಹತ್ತು ಜನ ಇದ್ರು ಮಿಸ್. ನಾಲ್ಕು ಜನ ಇಳಿದ್ರು. ಮೂರು ಜನ ಹತ್ತಿದ್ರು. ಒಂಬತ್ತು ತಾನೇ? ಮೂರೇ ಬರ್ಬೇಕಂದ್ರೆ, ಹತ್ತಿದ ಮೂರು ಜನಾನೂ ಇಳಿಸ್ಬೇಕು. ಅವ್ರು ಯಾಕಿಳೀತಾರೆ? ಟಿಕೆಟ್ ತಗೊಂಡಿದಾರಲ್ಲ."

ಕ್ಲಾಸು ನಕ್ಕಿತು. ಮಿಸ್ ನಗಲಿಲ್ಲ. ಮೂರು ಸಲ ಕಾಗದ ಮಡಚಿ ತೋರಿಸಿದ ಹೆಂಗಸಿಗೆ ಈ ಬಸ್ಸು ನಾಲ್ಕು ವರ್ಷದಲ್ಲಿ ಹೊಳೆದಿರಲಿಲ್ಲ ಅಂತಲ್ಲ, ಹೊಳೆಯೋಕೆ ಬಿಟ್ಟಿರಲಿಲ್ಲ. ಅವರಿಗೆ ನಾಚಿಕೆಯಾಯ್ತು. ಕುರ್ಚಿ ಹಿಡಿದುಕೊಂಡು, "ನಿಂದೇ ಸರಿ," ಅಂದರು.

ಅಯ್ಯೋ, ಅಷ್ಟಕ್ಕೆ ಎದ್ದಿತು ನೋಡಿ ಗದ್ದಲ! "ಮಿಸ್, ಹಂಗಾದ್ರೆ ನಮ್ದು ತಪ್ಪಾ?" "ನಮ್ಮ ಮಾರ್ಕ್ ಕಳೀತೀರಾ?" "ನೀವೇ ಅಲ್ವಾ ಮಿಸ್ ಚಪ್ಪಾಳೆ ಹೊಡ್ಸಿದ್ದು?" ಮೊದಲ ಬೆಂಚಿನ ಒಂದು ಹುಡುಗಿ ಅಳೋಕೇ ಶುರುಮಾಡಿದಳು, ಅವಳದು ಸರಿಯಾಗಿ ಹದಿನಾಲ್ಕು.

ಇದು ನನಗೂ ಹೊಳೆದಿರಲಿಲ್ಲ, ಒಪ್ಕೋತೀನಿ. ಒಬ್ಬಳಿಗೆ ನ್ಯಾಯ ಕೊಡಿಸಿ ಚಪ್ಪಾಳೆ ಗಿಟ್ಟಿಸೋಣ ಅಂತಿದ್ದೆ. ಹೇಳಿದ ಹಾಗೆ ಕೇಳಿದ ಮೂವತ್ತೊಂಬತ್ತು ಮಕ್ಕಳನ್ನ ಏನು ಮಾಡೋದು?

"ಅವ್ರಿಗೆ ಯಾಕೆ ಕಳೀಬೇಕು ಮಿಸ್?" ಯಾಕಮ್ಮ ಇನ್ನೂ ನಿಂತೇ ಇದ್ದಳು. "ಅವ್ರು ನೀವು ಹೇಳಿದ್ದನ್ನೇ ಬರೆದಿದ್ದು. ನಿಮ್ದು ಕಳೀರಿ."

ಅದೇ ಹೊತ್ತಿಗೆ ಬಾಗಿಲಲ್ಲಿ ಹೆಡ್‌ಮಾಸ್ಟರ್, ಕಂಕುಳಲ್ಲಿ ಫೈಲು, ಫೈಲಿನಲ್ಲಿ ಆ ಫಾರಮ್ಮು. "ಏನಮ್ಮಾ ಗಲಾಟೆ? ಬಾ, ಸಹಿ ಹಾಕೋದಿದೆ. ನನ್ನ ಪೆನ್ನು ಎಲ್ಲೋ ಬಿಟ್ಬಂದೆ."

೬ (ಅ)

ಹೆಡ್‌ಮಾಸ್ಟರ್ ಕಣ್ಣಲ್ಲಿ ನೀರು. "ನನ್ನ ಕಣ್ಣು ತೆರೆಸಿದೆ ಮಗು!" ಗೋಡೆಗೆ ಸುಣ್ಣ. (ಇಂಥದನ್ನ ನಂಬೋರಿಗೆ ಕಥೆ ಯಾಕೆ, ಜೋಗುಳ ಸಾಕು.)

೬ (ಆ)

"ತಮಾಷೆಗೆ ಹೇಳ್ದೆ ಸಾರ್," ಅಂತ ಮಿಸ್ ಹಲ್ಲು ಕಿರಿದರು. ಸಹಿ ಬಿತ್ತು. ಯಾಕಮ್ಮ ಮುಂದೆ ಯಾವತ್ತೂ 'ಯಾಕೆ' ಅನ್ನಲಿಲ್ಲ. (ಇದು ನಡೆಯೋದೇ ಹೀಗೆ ಅಂತ ನನಗೂ ಗೊತ್ತು. ಆದರೆ ಇದನ್ನ ಬರೆದ ಕೂಡಲೇ ಮಿಸ್ ನನ್ನ ಕೈಯಿಂದ ಹಾಳೆ ಕಿತ್ಕೊಂಡರು.)

೭

ಮಿಸ್ ಮೇಜಿನ ಮೇಲಿದ್ದ ಮಾರ್ಕ್ಸ್ ಪಟ್ಟಿ ತೆರೆದರು. ಯಾಕಮ್ಮನ ಹದಿಮೂರನ್ನ ಹೊಡೆದುಹಾಕಿ ಹದಿನಾಲ್ಕು ಮಾಡಿದರು. ಮಿಕ್ಕ ಯಾರದನ್ನೂ ಮುಟ್ಟಲಿಲ್ಲ. ನಲವತ್ತನೇ ಹೆಸರಿನ ಕೆಳಗೆ, ನಲವತ್ತೊಂದು ಅಂತ ಹಾಕಿ ತಮ್ಮ ಹೆಸರು ಬರೆದರು. ಎದುರಿಗೆ ಸೊನ್ನೆ.

"ಏನು ಬರೀತಿದ್ದೀಯಮ್ಮಾ?" ಅಂತ ಸಾಹೇಬರು ಒಳಗೆ ಬಂದು ಬಗ್ಗಿ ನೋಡಿದರು. ಓದಿದರು. ಮತ್ತೊಂದು ಸಲ ಓದಿದರು.

ಪಟ್ಟಿಯಲ್ಲಿ ಇನ್ನೊಂದು ಹೆಸರಿಗೆ ಸಾಲು ಖಾಲಿ ಇತ್ತು. ಸಾಹೇಬರು ಫೈಲಿಂದ ತೆಗೆದಿಟ್ಟ ಫಾರಮ್ಮೂ ಮೇಜಿನ ಮೇಲಿತ್ತು.

"ಪೆನ್ನಿಲ್ಲ ಅಂದ್ರಲ್ಲ ಸಾರ್," ಅಂದರು ಮಿಸ್. "ತಗೊಳ್ಳಿ."

ಸಾಹೇಬರು ಯಾವ ಕಾಗದ ಹತ್ತಿರಕ್ಕೆ ಎಳ್ಕೋತಾರೆ ಅಂತ ನನ್ನನ್ನ ಕೇಳಬೇಡಿ. ಮಿಸ್ ಚಾಚಿದ ಕೈ ಇನ್ನೂ ಹಾಗೇ ಇದೆ, ನಲವತ್ತು ಮಕ್ಕಳು ನೋಡ್ತಿವೆ.